ಏಳು ಮನೆಯ ಮುಯ್ಯಿ

ಪದಬಂಧದಲ್ಲಿ ಸಿಕ್ಕಿಹಾಕಿಕೊಂಡರೆ ಏನಾದರೂ ಒಂದು ದಾರಿ ಇರುತ್ತದೆ. ಪಕ್ಕದಲ್ಲಿ ಕೂತವರನ್ನು ಕೇಳಬಹುದು, ನಿಘಂಟು ತೆಗೆಯಬಹುದು, ಏನೂ ಆಗದಿದ್ದರೆ ನಾಳೆಯ ಪೇಪರಿಗೆ ಕಾಯಬಹುದು. ಗೊತ್ತಿಲ್ಲದ ಪದ ಗೊತ್ತಿಲ್ಲ, ಅಷ್ಟೇ. ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಆದರೆ ಅಂಕಬಂಧ ಹಾಗಲ್ಲ. ಅಕ್ಷರದ ಬದಲು ಅಂಕಿ ತುಂಬುವ ಈ ಆಟದಲ್ಲಿ 'ನನಗೆ ಗೊತ್ತಿರಲಿಲ್ಲ' ಎಂದು ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಇರುವುದು ಹತ್ತು ಅಂಕಿ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲ ಪ್ರೈಮರಿ ಶಾಲೆಯಲ್ಲೇ ಆಗಿಹೋಗಿದೆ. ಬೇಕಾದದ್ದೆಲ್ಲ ಕಣ್ಣೆದುರಿಗೇ ಇದೆ. ಆದರೂ ಪೆನ್ಸಿಲ್ ಹಿಡಿದು ಗಂಟೆಗಟ್ಟಲೆ ಸುಮ್ನೆ ಕೂತಿರುತ್ತೇವೆ.

ಈ ಮಳೆಗಾಲದಲ್ಲಿ ಅಂಥದ್ದೊಂದನ್ನು ಬಿಡಿಸಿದೆ. ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ ಮಗನಿಗೆ ತೋರಿಸಿದೆ. ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ. ಲ್ಯಾಪ್‌ಟಾಪ್ ತೆಗೆದು, ಪೈಥಾನ್‌ನಲ್ಲಿ ಒಂದಿಷ್ಟು ಸಾಲು ಬರೆದು, ಎಂಟರ್ ಒತ್ತಿದ. ನಾನು ನೀರು ಕುಡಿದು ಲೋಟ ಕೆಳಗಿಡುವುದರೊಳಗೆ ಉತ್ತರ ಬಂತು. ನನ್ನದೇ ಉತ್ತರ, ಒಂದು ಅಂಕಿಯೂ ಆಚೀಚೆ ಇಲ್ಲ. ಅವನ ಮೇಲೆ ಸಿಟ್ಟೇನೂ ಬರಲಿಲ್ಲ. ಆದರೆ ಆವತ್ತಿನಿಂದ ಒಂದು ಪ್ರಶ್ನೆ ಮಾತ್ರ ತಲೆ ತಿನ್ನುತ್ತಿದೆ. ಇಷ್ಟು ಬೇಗ ಆಗುವ ಕೆಲಸವಾಗಿದ್ದರೆ, ಅಷ್ಟು ಹೊತ್ತು ಕೂತು ನಾನು ಮಾಡಿದ್ದಾದರೂ ಏನು?

ಚೀಟಿ

ಬಂಧ ಕಟ್ಟಿದ್ದು ನಮ್ಮ ಚಿಕ್ಕಪ್ಪ. ಅವರ ಮನೆ ಹೊಸನಗರ ತಾಲೂಕಿನಲ್ಲಿ, ಹುಂಚದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ಸ್ವಲ್ಪ ಗದ್ದೆ, ಜಗಲಿಯಲ್ಲಿ ಒಂದು ಮೇಜು. ಆ ಮೇಜಿನ ಮೇಲೆ ಗೊಬ್ಬರದ ಬಿಲ್ಲು, ಕರೆಂಟ್ ಬಿಲ್ಲು, ಮದುವೆ ಕಾಗದ ಎಲ್ಲ ಇರುತ್ತವೆ, ಮತ್ತು ಎಲ್ಲದರ ಹಿಂದೆಯೂ ಲೆಕ್ಕ ಬರೆದಿರುತ್ತದೆ. ತೋಟದ ಲೆಕ್ಕ ಅಂದುಕೊಂಡರೆ ಮೋಸ ಹೋದಿರಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅನ್ನುವುದನ್ನು ಗ್ರಾಂ ತಪ್ಪದೆ ಪಾಲಿಸುವ ಮನುಷ್ಯ, ಆಳುಗಳ ಲೆಕ್ಕವನ್ನು ಮಾತ್ರ ಚಿಕ್ಕಮ್ಮನಿಗೆ ಬಿಟ್ಟಿದ್ದಾರೆ. ಕಾಗದದ ಹಿಂದೆ ಇವರು ಬರೆಯುವುದು ಇಂಥ ಬಂಧಗಳನ್ನು.

ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಸಂಖ್ಯೆಗಳ ಹುಚ್ಚು ಅವರಿಗೆ ಮೊದಲಿನಿಂದಲೂ ಇದೆ. ವಿಕಟಕವಿ ಸಂಖ್ಯೆ ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಈ ಸಲದ ಚೀಟಿಯಲ್ಲಿ ಐದು ಅಡ್ಡ ಐದು ಉದ್ದದ ಚೌಕ, ಅದರೊಳಗೆ ನಾಲ್ಕು ಕಪ್ಪು ಮನೆ. ಎರಡನೇ ಸಾಲಿನಲ್ಲಿ ಎರಡು, ನಾಲ್ಕನೇ ಸಾಲಿನಲ್ಲಿ ಎರಡು, ಪ್ರತಿ ಸಾಲಲ್ಲೂ ಎರಡನೆಯ ಮತ್ತು ನಾಲ್ಕನೆಯ ಮನೆ. ಹಾಗಾಗಿ ಅಡ್ಡ ಮೂರು, ಉದ್ದ ಮೂರು, ಒಟ್ಟು ಆರು ಸಂಖ್ಯೆ. ಎಲ್ಲವೂ ಐದಂಕಿಯವು. ಅವರು ಬರೆದ ಸುಳಿವು ಇಷ್ಟೇ:

ಎಡದಿಂದ ಬಲಕ್ಕೆ
1. ವರ್ಗಸಂಖ್ಯೆ
4. 9ರಿಂದ ಭಾಗವಾಗುತ್ತದೆ
5. ಅವಿಭಾಜ್ಯ. ಮೇಲಿನಿಂದ ಕೆಳಕ್ಕೆ 1ಕ್ಕಿಂತ ದೊಡ್ಡದು, 3ಕ್ಕಿಂತ ಚಿಕ್ಕದು

ಮೇಲಿನಿಂದ ಕೆಳಕ್ಕೆ
1. ವರ್ಗಸಂಖ್ಯೆ
2. 707ರಿಂದ ಭಾಗವಾಗುತ್ತದೆ
3. ಅವಿಭಾಜ್ಯ

ಕೆಳಗೆ ಚಿಕ್ಕದಾಗಿ: ಆರೂ ವಿಕಟಕವಿ. ಒಂದೇ ಸಂಖ್ಯೆ ಎರಡು ಸಲ ಬರುವುದಿಲ್ಲ. ಸೊನ್ನೆ ಎಲ್ಲೂ ಇಲ್ಲ.

"ಇಷ್ಟೇನಾ ಚಿಕ್ಕಪ್ಪ?" ಅಂದೆ. "ಇಷ್ಟು ಜಾಸ್ತಿ ಆಯ್ತು ಅಂತ ನಂಗೇ ಅನ್ನಿಸ್ತಾ ಉಂಟು" ಅಂದರು. ಆಮೇಲೆ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋದರು.

ಅರ್ಧ ಪುಕ್ಕಟೆ

ಓದುವವರಿಗೆ ಬಿಡಿಸುವ ಮನಸ್ಸಿದ್ದರೆ ಇಲ್ಲಿಗೆ ನಿಲ್ಲಿಸಿ ಪೆನ್ಸಿಲ್ ತೆಗೆದುಕೊಳ್ಳಿ. ಇಲ್ಲವಾದರೆ ಮುಂದೆ ಬನ್ನಿ.

ವಿಕಟಕವಿ ಸಂಖ್ಯೆಯ ಒಳ್ಳೆಯ ಗುಣ ಅಂದರೆ ಅರ್ಧ ಪುಕ್ಕಟೆ ಸಿಗುತ್ತದೆ. ಮೊದಲ ಮೂರು ಅಂಕಿ ಗೊತ್ತಾದರೆ ಉಳಿದೆರಡು ತಾವಾಗಿಯೇ ಬಂದು ಕೂರುತ್ತವೆ. ಆರೂ ಸಂಖ್ಯೆ ಹಾಗೇ ಇರುವುದರಿಂದ ನಾಲ್ಕು ಮೂಲೆಯಲ್ಲೂ ಒಂದೇ ಅಂಕಿ ಇರಬೇಕು. ಮೇಲಿನ ಸಾಲಿನ ನಡುವೆ ಇರುವುದೇ ಕೆಳಗಿನ ಸಾಲಿನ ನಡುವೆಯೂ ಇರಬೇಕು. ಎಡಬದಿಯ ನಡುಮನೆ ಮತ್ತು ಬಲಬದಿಯ ನಡುಮನೆಗೂ ಅದೇ ಮಾತು. ಇಪ್ಪತ್ತೊಂದು ಮನೆಯ ಚೌಕದಲ್ಲಿ ನಿಜವಾಗಿ ಹುಡುಕಬೇಕಾದದ್ದು ಹತ್ತೇ ಅಂಕಿ. ಕೇಳಲು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಪುಕ್ಕಟೆ ಸಿಕ್ಕಿದ ಅರ್ಧ ಹೊಸದಾಗಿ ಏನನ್ನೂ ಹೇಳುವುದಿಲ್ಲ. ಸಾಮಾನ್ಯ ಬಂಧದಲ್ಲಿ ಕೊನೆಯ ಅಂಕಿಯಿಂದ ಒಂದು ವಿಷಯ ತಿಳಿಯುತ್ತದೆ, ಮೊದಲ ಅಂಕಿಯಿಂದ ಇನ್ನೊಂದು. ಇಲ್ಲಿ ಎರಡೂ ಒಂದೇ ಮಾತನ್ನು ಎರಡು ಸಲ ಹೇಳುತ್ತವೆ.

ಮೊದಲು ಐದಂಕಿಯ ವಿಕಟಕವಿ ವರ್ಗಗಳನ್ನೆಲ್ಲ ಪಟ್ಟಿ ಮಾಡಲು ಕೂತೆ. ಇದು ಅಂದುಕೊಂಡಷ್ಟು ಕಷ್ಟವಲ್ಲ. ವರ್ಗಸಂಖ್ಯೆ 2, 3, 7, 8ರಲ್ಲಿ ಮುಗಿಯುವುದಿಲ್ಲ, ಹಾಗಾಗಿ ಅವುಗಳಲ್ಲಿ ಶುರುವಾಗುವಂತೆಯೂ ಇಲ್ಲ. 5ರಲ್ಲಿ ಮುಗಿದರೆ ಕೊನೆಗೆ 25 ಬರಬೇಕು, ಅಂದರೆ 52ರಿಂದ ಶುರುವಾಗಬೇಕು. 225ರ ವರ್ಗ 50625, 235ರ ವರ್ಗ 55225. ಎರಡರ ನಡುವೆ 52 ಹಾರಿಹೋಯಿತು. 9ರಲ್ಲಿ ಶುರುವಾಗಿ 9ರಲ್ಲಿ ಮುಗಿಯಬೇಕಾದರೆ ಮೂಲ 303, 307, 313 ಈ ಮೂರೇ. 91809 ಅಲ್ಲ, 97969 ಅಲ್ಲ, 94249 ಹೌದು. 6ಕ್ಕೆ 246, 254, 256, 264. ಮೊದಲ ಮೂರೂ ಆಗಲಿಲ್ಲ, 264ರ ವರ್ಗ 69696. ಹೀಗೆ ಹುಡುಕಿದರೆ ಒಟ್ಟು ಏಳು ಸಿಗುತ್ತವೆ: 10201, 12321, 14641, 40804, 44944, 69696, 94249. (12321 ಇದ್ದಲ್ಲಿ ಕಾಪ್ರೇಕರ್ ನೆನಪಾಗಲೇಬೇಕು. 6174 ಅನ್ನುವ ಸಂಖ್ಯೆಯ ವಿಶೇಷ ಕಂಡುಹಿಡಿದ ಕಾಪ್ರೇಕರ್, ದೇವಳಾಲಿಯ ಶಾಲಾ ಮೇಷ್ಟ್ರು. 1, 121, 12321 ಸಾಲಿನ ಸಂಖ್ಯೆಗಳಿಗೆ ಅವರು ಡೆಮ್ಲೋ ಅಂತ ಒಂದು ರೈಲ್ವೆ ಸ್ಟೇಷನ್ನಿನ ಹೆಸರಿಟ್ಟಿದ್ದರು. ಸಂಖ್ಯೆಗೆ ಸ್ಟೇಷನ್ನಿನ ಹೆಸರಿಡುವ ಮನುಷ್ಯನ ಮೇಲೆ ನನಗೆ ಯಾವಾಗಲೂ ಪ್ರೀತಿ.)

ಸೊನ್ನೆ ಇಲ್ಲ ಅಂದಿದ್ದಾರೆ, ಹಾಗಾಗಿ 10201 ಮತ್ತು 40804 ಹೋದವು. ಅಡ್ಡ 1 ಮತ್ತು ಉದ್ದ 1 ಒಂದೇ ಮೂಲೆಯಿಂದ ಹೊರಡುತ್ತವೆ, ಅಂದರೆ ಮೊದಲ ಅಂಕಿ ಒಂದೇ, ಆದರೆ ಸಂಖ್ಯೆ ಬೇರೆ ಬೇರೆ. ಉಳಿದ ಐದರಲ್ಲಿ ಜೋಡಿ ಸಿಗುವುದು 12321 ಮತ್ತು 14641ಕ್ಕೆ ಮಾತ್ರ. 44944, 69696, 94249 ಮೂರೂ ಒಂಟಿ. ಅವುಗಳ ಮೇಲೆ ಗೀಟು ಎಳೆದೆ. ಮೂಲೆಗಳಲ್ಲಿ 1 ಕೂತಿತು. ಅಡ್ಡ ಯಾವುದು, ಉದ್ದ ಯಾವುದು? ಇಲ್ಲಿಗೆ ಬಂದು ನಿಂತೆ.

ನೂರಾ ಒಂದು

ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆ ಮುಗಿಸಿ ಶಿವಮೊಗ್ಗಕ್ಕೆ ಹೊರಡುವ ದಿನ ಚಿಕ್ಕಪ್ಪ ಹೊಸನಗರದ ಬಸ್ ಸ್ಟ್ಯಾಂಡಿನವರೆಗೆ ಬರುತ್ತಿದ್ದರು. ಬಸ್ಸು ಹೊರಡಲು ಇನ್ನೂ ಹೊತ್ತಿರುತ್ತಿತ್ತು. ಕಂಡಕ್ಟರ್ ಟಾಪಿನ ಮೇಲೆ ಮೂಟೆ ಏರಿಸುತ್ತಿದ್ದ. ಚಿಕ್ಕಪ್ಪ ನನ್ನನ್ನು ಬಸ್ಸುಗಳ ಹಿಂದೆ ಕರೆದುಕೊಂಡು ಹೋಗಿ ನಂಬರ್ ಪ್ಲೇಟ್ ತೋರಿಸುತ್ತಿದ್ದರು. 2772 ಥರದ್ದು ಕಂಡರೆ ಸಾಕು, "ಹನ್ನೊಂದರಲ್ಲಿ ಹೋಗ್ತದೆ, ನೋಡು" ಅನ್ನುತ್ತಿದ್ದರು. ನಾನು ಕೈಮೇಲೆ ಬೆರಳಲ್ಲಿ ಬರೆದು ಭಾಗಿಸುತ್ತಿದ್ದೆ. 252, ಶೇಷ ಇಲ್ಲ. 4884? 444, ಶೇಷ ಇಲ್ಲ. ಮಂತ್ರ ಹಾಕಿದ ಹಾಗೆ ಯಾವ ನಾಲ್ಕಂಕಿ ವಿಕಟಕವಿ ತಂದರೂ ಹನ್ನೊಂದರಲ್ಲಿ ಹೋಗುತ್ತಿತ್ತು. ಯಾಕೆ ಅಂತ ಅವರು ಹೇಳಲಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ನಾನೇ ಕಂಡುಕೊಂಡೆ. ಹೊರಗಿನ ಅಂಕಿ ಸಾವಿರದ ಮನೆಯಲ್ಲೂ ಬಿಡಿಯ ಮನೆಯಲ್ಲೂ ಬರುತ್ತದೆ, ಒಟ್ಟು 1001 ಪಟ್ಟು. ಒಳಗಿನದು 110 ಪಟ್ಟು. ಎರಡೂ ಹನ್ನೊಂದರ ಮಗ್ಗಿಯಲ್ಲೇ ಇವೆ. ಅಷ್ಟೇ ಗುಟ್ಟು. ಅಂಕಿಗಳ ಸಂಖ್ಯೆ ಸಮ ಇರುವ ವಿಕಟಕವಿಗಳೆಲ್ಲ ಹೀಗೇ. ಆದ್ದರಿಂದಲೇ ಆ ಗುಂಪಿನಲ್ಲಿ 11 ಬಿಟ್ಟು ಬೇರೆ ಅವಿಭಾಜ್ಯ ಇಲ್ಲ.

ಆದರೆ ಇಲ್ಲಿರುವುದು ಐದಂಕಿ. ಹನ್ನೊಂದರ ಮಂತ್ರ ನಡೆಯುವುದಿಲ್ಲ. 707 ಅಂದರೆ ಏನು ಮಾಡುವುದು? 707ರ ಮಗ್ಗಿ ಬರೆಯುತ್ತಾ ಹೋದರೆ ಐದಂಕಿಯಲ್ಲಿ ನೂರಕ್ಕೂ ಜಾಸ್ತಿ ಸಂಖ್ಯೆ ಇದೆ. ಹೊರಗೆ ಆಷಾಢದ ಮಳೆ. ಎಲ್ಲೋ ಮರ ಬಿದ್ದು ಲೈನ್ ಹೋಗಿತ್ತು, ಹಿಂದಿನ ದಿನದಿಂದ ಕರೆಂಟಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ಬೆಳಕು ಇದ್ದ ಕಡೆ ಮಣೆ ಹಾಕಿಕೊಂಡು ಕೂತಿದ್ದೆ. ಚಿಕ್ಕಮ್ಮ ಕೆಂಡದ ಮೇಲೆ ಹಲಸಿನ ಹಪ್ಪಳ ಸುಡುತ್ತಿದ್ದರು. "ಎಂತದೇ ಅದು, ಬೆಳಗಿಂದ ಒಂದೇ ಹಾಳೆ ನೋಡ್ತಾ ಇದೀಯಲ್ಲ" ಅಂದರು. 707 ಅಂದೆ. ಚಿಕ್ಕಮ್ಮ ಹಪ್ಪಳ ಮಗುಚಿ ಹಾಕಿ, "ಏಳು ಮನೆಯ ಮುಯ್ಯಿ" ಅಂದರು.

ಮದುವೆ, ಉಪನಯನಕ್ಕೆ ಕವರಿನಲ್ಲಿಡುವ ನೂರಾ ಒಂದು ರೂಪಾಯಿ. ಏಳು ಕವರು, 707. ಆಳುಗಳ ಲೆಕ್ಕದಿಂದ ಹಿಡಿದು ಊರಿನ ಮುಯ್ಯಿಯವರೆಗೆ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡವರಿಗೆ 707 ಕಂಡದ್ದು ಹಾಗೆ. ಈಗ ಮುಯ್ಯಿ ಐನೂರಾ ಒಂದಕ್ಕೆ ಏರಿದೆ, ಆ ಮಾತು ಬೇರೆ.

101 ಅಂತ ಕಂಡ ಕೂಡಲೇ ಬಸ್ ಸ್ಟ್ಯಾಂಡಿನ ಲೆಕ್ಕವನ್ನೇ ಮತ್ತೆ ಮಾಡಿ ನೋಡಿದೆ. ಐದಂಕಿ ವಿಕಟಕವಿಯಲ್ಲಿ ಎರಡನೇ ಅಂಕಿ ಸಾವಿರದ ಮನೆಯಲ್ಲೂ ಹತ್ತರ ಮನೆಯಲ್ಲೂ ಬರುತ್ತದೆ, ಒಟ್ಟು 1010 ಪಟ್ಟು. 1010 ಅಂದರೆ 101ರ ಹತ್ತರಷ್ಟು. ಆ ಅಂಕಿ ಏನೇ ಇರಲಿ, 101ಕ್ಕೆ ಅದರ ಗೊಡವೆಯೇ ಇಲ್ಲ! ಮೊದಲ ಅಂಕಿ 10001 ಪಟ್ಟು. 9999 ಅನ್ನುವುದು 101ರ 99ರಷ್ಟು, ಹಾಗಾಗಿ ಉಳಿಯುವುದು 2. ನಡುವಿನ ಅಂಕಿ 100 ಪಟ್ಟು, ಅಂದರೆ 101ಕ್ಕೆ ಒಂದು ಕಮ್ಮಿ. ಒಟ್ಟಿನಲ್ಲಿ ಐದಂಕಿಯ ವಿಕಟಕವಿ 101ರಲ್ಲಿ ಪೂರ್ತಿ ಹೋಗಬೇಕಾದರೆ ನಡುವಿನ ಅಂಕಿ ಮೊದಲ ಅಂಕಿಯ ಎರಡರಷ್ಟು ಇರಲೇಬೇಕು. ಇದ್ದರೆ ಸಾಕು ಕೂಡ. ಬೇರೆ ಷರತ್ತೇ ಇಲ್ಲ.

ಉದ್ದ 2ರ ಮೊದಲ ಅಂಕಿ ಅಡ್ಡ 1ರ ನಡುವಿನದು, ಅಂದರೆ 12321ರ 3 ಅಥವಾ 14641ರ 6. 6ರ ಎರಡರಷ್ಟು 12, ಒಂದು ಮನೆಯಲ್ಲಿ ಹಿಡಿಸುವುದಿಲ್ಲ. ಹಾಗಾದರೆ 3. ಅಡ್ಡ 1 ಅನ್ನುವುದು 12321, ಉದ್ದ 1 ಅನ್ನುವುದು 14641, ನಟ್ಟನಡುವಿನ ಮನೆ 6. ಉದ್ದ 2ರ ಎರಡನೇ ಅಂಕಿಯನ್ನು 101 ಮರೆಮಾಚಿತ್ತು, ಅದನ್ನು 7 ಹೊರಗೆ ತಂದಿತು. 303, 313, 323 ಅಂತ ನೋಡುತ್ತಾ ಹೋದರೆ 7ರಲ್ಲಿ ಹೋಗುವುದು 343 ಮಾತ್ರ. ಅದು 7ರ ಘನವೂ ಹೌದು. 343ನ್ನು 101ರಿಂದ ಗುಣಿಸಿದರೆ 34643.

ಇನ್ನು ನಡುವಿನ ಸಾಲು. ಎಡಬದಿಯಿಂದ 6 ಬಂದಿದೆ, ನಡುವೆ 6 ಕೂತಿದೆ, ಬಲಗಡೆಯೂ 6. ಬಾಕಿ ಇರುವುದು ಒಂದೇ ಅಂಕಿ, ಎರಡು ಸಲ. 9ರಲ್ಲಿ ಹೋಗಬೇಕು ಅಂದರೆ ಅಂಕಿಗಳ ಮೊತ್ತ 9ರಲ್ಲಿ ಹೋಗಬೇಕು. ಮೂರು 6 ಸೇರಿ ಆಗಲೇ 18. ಖಾಲಿ ಮನೆಗೆ 0 ಅಥವಾ 9. ಸೊನ್ನೆ ಇಲ್ಲ. 9 ಬರೆದೆ. ಬರೆದ ಮೇಲೆ ನೋಡಿದರೆ 69696. ಒಂಟಿ ಅಂತ ಗೀಟು ಎಳೆದು ಬದಿಗಿಟ್ಟಿದ್ದ 264ರ ವರ್ಗ! ಸುಳಿವಿನಲ್ಲಿ ವರ್ಗ ಅನ್ನುವ ಮಾತೇ ಇಲ್ಲ. ಬರೀ '9ರಿಂದ ಭಾಗವಾಗುತ್ತದೆ' ಅಂತ ಬರೆದು ಅದನ್ನು ಅಲ್ಲಿ ಅಡಗಿಸಿಟ್ಟಿದ್ದರು. ನಾನು ಜೋರಾಗಿ ನಕ್ಕದ್ದಕ್ಕೆ ಚಿಕ್ಕಮ್ಮ ಬೆಚ್ಚಿದರು.

ಹೊಂಬುಜದ ಪುಸ್ತಕ

ಸ್ವಲ್ಪ ಆಚೆ ಹೋಗುತ್ತೇನೆ. ಆ ಸಂಜೆ 101ರ ವಿಷಯ ಹೇಳಿದಾಗ ಚಿಕ್ಕಪ್ಪ ಒಳಗಿನಿಂದ ಒಂದು ದಪ್ಪ ಪುಸ್ತಕ ತಂದರು. ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'. ಒಂಬತ್ತನೇ ಶತಮಾನದ್ದು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ್ದು. ಪ್ರೊ. ಪದ್ಮಾವತಮ್ಮ ಮಾಡಿದ ಕನ್ನಡ ಅನುವಾದದ ಜೊತೆ 2000ರಲ್ಲಿ ಇದನ್ನು ಪ್ರಕಟಿಸಿದ್ದು ಇಲ್ಲೇ ಪಕ್ಕದ ಹೊಂಬುಜ, ಅಂದರೆ ಹುಂಚದ ಜೈನ ಮಠ. ಪದ್ಮಾವತಿ ಅಮ್ಮನವರ ದರ್ಶನಕ್ಕೆ ಹುಂಚಕ್ಕೆ ಹೋಗುವವರು ತುಂಬಾ ಜನ, ಈ ಪುಸ್ತಕದ ವಿಷಯ ಗೊತ್ತಿರುವವರು ಕಮ್ಮಿ.

ಗುಣಾಕಾರದ ಭಾಗದಲ್ಲಿ ಮಹಾವೀರಾಚಾರ್ಯರು ಉತ್ತರ ಹಾರದ ಹಾಗೆ ಬರುವ ಲೆಕ್ಕಗಳನ್ನು ಕೊಟ್ಟಿದ್ದಾರೆ. ಎರಡೂ ತುದಿ ಕೂಡಿಸಿ ಕೊರಳಿಗೆ ಹಾಕಿಕೊಂಡರೆ ಎಡವೂ ಬಲವೂ ಒಂದೇ. 139ನ್ನು 109ರಿಂದ ಗುಣಿಸಿದರೆ 15151. 14287143ನ್ನು 7ರಿಂದ ಗುಣಿಸಿದರೆ 100010001. 27994681ನ್ನು 441ರಿಂದ ಗುಣಿಸಿದರೆ 12345654321. ಈ ಕೊನೆಯದನ್ನು ನಾನು ಅಲ್ಲೇ ಕೂತು ಬಿಚ್ಚಿದೆ. 441 ಅಂದರೆ 21ರ ವರ್ಗ. 27994681 ಅಂದರೆ 5291ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111. ಆರು ಒಂದುಗಳ ವರ್ಗವನ್ನು ಎರಡು ತುಂಡು ಮಾಡಿ, ಗುರುತು ಸಿಗದ ಹಾಗೆ ಎದುರಿಗಿಟ್ಟಿದ್ದಾರೆ. ಇನ್ನೊಂದು, 152207 ಗುಣಿಸು 73. ಉತ್ತರ ಎಂಟು ಒಂದುಗಳು, 11111111. 152207ನ್ನು ಒಡೆದರೆ 11, 101, 137. ನಮ್ಮ ನೂರಾ ಒಂದು ಅಲ್ಲೂ ಕೂತಿದೆ.

ಈ ಲೆಕ್ಕಗಳಿಂದ ಮಗ್ಗಿ ಕಲಿಯುವವರಿಗೆ ವಿಶೇಷ ಉಪಯೋಗವೇನೂ ಇಲ್ಲ. 152207 ಅನ್ನುವುದು ಯಾವ ವ್ಯಾಪಾರಿಯ ಕಡತದಲ್ಲೂ ಬರುವ ಮೊತ್ತವಲ್ಲ. ಕೈಯಲ್ಲಿ ಗುಣಿಸುವವನಿಗೆ ಕೊನೆಯಲ್ಲಿ ಏನೋ ಸಿಗಬೇಕು ಅಂತಲೇ ಕಟ್ಟಿದ್ದು ಅಂತ ನನಗೆ ಅನ್ನಿಸುತ್ತದೆ. ಚಿಕ್ಕಪ್ಪನ 69696 ಕೂಡ ಅದೇ ಜಾತಿಯದ್ದು.

ಉಳಿದದ್ದು ಅಂತ ಒಪ್ಪಬೇಡ

ಬಾಕಿ ಉಳಿದದ್ದು ಬಲಬದಿ ಮತ್ತು ಕೆಳಸಾಲು. ಬಲಬದಿ 1, ಏನೋ, 6, ಅದೇ ಏನೋ, 1. ಅವಿಭಾಜ್ಯ. ಖಾಲಿ ಮನೆಗೆ 1ರಿಂದ 9ರವರೆಗೆ ಏನಾದರೂ ಬರಬಹುದು. 2, 5, 8 ಹಾಕಿದರೆ ಮೊತ್ತ ಮೂರರಲ್ಲಿ ಹೋಗುತ್ತದೆ. 4 ಹಾಕಿದರೆ 14641, ಆಗಲೇ ಬಂದಿದೆ, ಅವಿಭಾಜ್ಯವೂ ಅಲ್ಲ. ಉಳಿದದ್ದು 11611, 13631, 16661, 17671, 19691.

ಇಲ್ಲಿಂದ ಜಾಣತನ ಮುಗಿಯಿತು, ಬರೀ ಕೂಲಿ ಕೆಲಸ. 19691 ಬೇಗ ಬಿತ್ತು, 7ರಲ್ಲಿ 2813. 11611 ಸ್ವಲ್ಪ ಆಟ ಆಡಿಸಿ 17ಕ್ಕೆ ಬಿತ್ತು, 683. ಉಳಿದ ಮೂರು ಎಲ್ಲಕ್ಕೂ ಶೇಷ ಬಿಡುತ್ತಾ ಹೋದವು. 19, 23, 29, 31, 37. ಎಮರ್ಜೆನ್ಸಿ ಲೈಟಿನ ಚಾರ್ಜು ಇಳಿಯುತ್ತಾ ಇತ್ತು. 41ಕ್ಕೆ 17671 ಬಿತ್ತು, 431. 43ಕ್ಕೆ 13631 ಬಿತ್ತು, 317. ಇಂಥ ಸಂಖ್ಯೆಗಳನ್ನು ನೋಡಿದರೆ ಅವಿಭಾಜ್ಯ ಅಲ್ಲ ಅಂತ ಯಾರೂ ಹೇಳುವುದಿಲ್ಲ. 43 ಗುಣಿಸು 317. ಅಷ್ಟು ಒಳಗೆ ಹೋಗಿ ಅಡಗಿಕೊಂಡಿರುತ್ತದೆ.

"16661 ಚಿಕ್ಕಪ್ಪ" ಅಂದೆ.

"ಹೌದಾ? ಭಾಗ ಮಾಡಿ ನೋಡಿದ್ಯಾ?"

"ಬೇರೆ ಎಲ್ಲ ಹೋಯ್ತು, ಇದೊಂದೇ ಉಳಿದದ್ದು."

"ಉಳಿದದ್ದು ಅಂತ ಒಪ್ಪಬೇಡ ಮಾರಾಯ್ತಿ. ನಾನೇ ಎಲ್ಲಾದ್ರೂ ತಪ್ಪು ಬರೆದಿದ್ರೆ?"

ನಿಜವಾಗಿ ನೋಡಿದರೆ ಬಂಧ ಬಿಡಿಸುವವರಿಗೆ ಈ ಪರೀಕ್ಷೆ ಬೇಕಿಲ್ಲ. ಉತ್ತರ ಒಂದು ಇದೆ ಅಂತ ನಂಬಿಯೇ ಆಟಕ್ಕೆ ಕೂತಿರುತ್ತೇವೆ. ನಾಲ್ಕು ಬಿದ್ದರೆ ಐದನೆಯದೇ ಉತ್ತರ. ಆದರೆ ಆ ನಂಬಿಕೆ ಬಂಧ ಕಟ್ಟಿದವರ ಮೇಲಿನದ್ದು, ಸಂಖ್ಯೆಯ ಮೇಲಿನದ್ದಲ್ಲ. ಚಿಕ್ಕಪ್ಪ ಕೇಳಿದ್ದು ಇದನ್ನೇ. 129ರ ವರ್ಗ 16641, 130ರ ವರ್ಗ 16900. ಹಾಗಾಗಿ 127ರವರೆಗಿನ ಅವಿಭಾಜ್ಯಗಳಿಂದೆಲ್ಲ 16661ನ್ನು ಭಾಗಿಸಿ ನೋಡಿದರೆ ಸಾಕು, ಅದರಾಚೆ ಹೋಗಬೇಕಿಲ್ಲ. ಅಂಥವು ಮೂವತ್ತೊಂದು ಇವೆ, 2, 3, 5 ಕಣ್ಣಲ್ಲೇ ಆಗುತ್ತವೆ. 7ಕ್ಕೆ ಶೇಷ 1. 17ಕ್ಕೂ ಶೇಷ 1. ಒಂದೇ ಒಂದು ಕಮ್ಮಿ ಇದ್ದು 16660 ಆಗಿದ್ದರೆ 7ರಲ್ಲೂ ಹೋಗುತ್ತಿತ್ತು, 17ರಲ್ಲೂ ಹೋಗುತ್ತಿತ್ತು. 61ಕ್ಕೆ ಶೇಷ 8. 101ಕ್ಕೆ ಭಾಗಿಸುವ ಕೆಲಸವೇ ಇಲ್ಲ, 1ರ ಎರಡರಷ್ಟು 6 ಅಲ್ಲ, ಮುಗಿಯಿತು. 127ಕ್ಕೆ ಶೇಷ 24. ಎಲ್ಲಿಯೂ ಬೀಳಲಿಲ್ಲ.

ಆ ಕೊನೆಯ ಭಾಗಾಕಾರ ಮುಗಿದಾಗ 69696 ಕಂಡಾಗಿನ ಹಾಗೆ ನಗು ಬರಲಿಲ್ಲ. ಬೇರೆ ಥರದ ಸಮಾಧಾನ. ಇದು ನನಗೆ ಗೊತ್ತು ಅನ್ನುವ ಸಮಾಧಾನ. ಯಾರೋ ಹೇಳಿದ್ದಲ್ಲ, ಬೇರೆಯವು ಇಲ್ಲದ್ದಕ್ಕೆ ಒಪ್ಪಿಕೊಂಡದ್ದೂ ಅಲ್ಲ. ದಿನವಿಡೀ ಆಫೀಸಿನಲ್ಲಿ ಲೆಕ್ಕದ ಹಾಳೆ ನೋಡುವ ಕೆಲಸ ನನ್ನದು. ಅಲ್ಲಿ ಕಾಲಂ ಕೆಳಗೆ ಬಂದ ಮೊತ್ತವನ್ನು ನಾನು ನಂಬುತ್ತೇನೆ, ಅಷ್ಟೇ. ಗೊತ್ತು ಅಂತ ಹೇಳಲಾರೆ.

ಕೆಳಸಾಲು ಆಮೇಲೆ ಸುಲಭ. 1, ಏನೋ, 3, ಅದೇ ಏನೋ, 1. 14641ಕ್ಕಿಂತ ದೊಡ್ಡದು, 16661ಕ್ಕಿಂತ ಚಿಕ್ಕದು. 15351 ಅಥವಾ 16361. ಮೊದಲನೆಯದು ಮೂರರಲ್ಲಿ ಹೋಗುತ್ತದೆ. 16361ಕ್ಕೂ ಅದೇ ಭಾಗಾಕಾರ ಮಾಡಿದೆ, ಈ ಸಲ ಯಾರೂ ಹೇಳಬೇಕಾಗಲಿಲ್ಲ. ಚೌಕ ತುಂಬಿತು:

1 2 3 2 1
4 ■ 4 ■ 6
6 9 6 9 6
4 ■ 4 ■ 6
1 6 3 6 1

ಮಗನ ಕೆಲಸ

ಈಗ ಮಗನ ವಿಷಯ. ಅವನ ಪ್ರೋಗ್ರಾಂ ಮಾಡಿದ್ದು ಸರಳ. ಹತ್ತು ಖಾಲಿ ಮನೆಗೆ ಸಾಧ್ಯವಿರುವ ಅಂಕಿಗಳನ್ನು ಹಾಕಿ, ಸುಳಿವಿಗೆ ಹೊಂದದ್ದನ್ನು ಬಿಟ್ಟು, ಉಳಿದದ್ದನ್ನು ತೋರಿಸಿತು. ನಾನು ಪರದೆಯ ನಡುಸಾಲಿಗೆ ಬೆರಳಿಟ್ಟು, "ಇದು ವರ್ಗ ಅಂತ ನಿನ್ನ ಪ್ರೋಗ್ರಾಂ ಹೇಳ್ತಾ?" ಅಂದೆ. "ನೀನು ಕೇಳಿಲ್ಲ, ಅದು ಹೇಳಿಲ್ಲ" ಅಂದ. ಸರಿಯಾದ ಉತ್ತರ. ಜಗಳ ಮಾಡಲು ಏನೂ ಇಲ್ಲ.

ಕಂಪ್ಯೂಟರಿಗೆ ಬಿಡಿಸುವ ಖುಷಿ ಗೊತ್ತಿಲ್ಲ ಅಂತ ಬರೆದು ಇಲ್ಲಿಗೆ ಮುಗಿಸಬಹುದಿತ್ತು. ಅಂಥ ಬರಹಗಳನ್ನು ನಾನೂ ಓದಿದ್ದೇನೆ, ಓದಿ ಬೇಜಾರಾಗಿದೆ. ಆದರೆ ಮಗ ಅಲ್ಲಿಗೆ ನಿಲ್ಲಿಸಲಿಲ್ಲ. ಸುಳಿವುಗಳನ್ನು ಒಂದೊಂದಾಗಿ ತೆಗೆದು ಓಡಿಸಿ ನೋಡಲು ಶುರುಮಾಡಿದ. 'ಸೊನ್ನೆ ಇಲ್ಲ' ಅನ್ನುವ ನಿಯಮ ತೆಗೆದ. ಉತ್ತರಗಳು ಎಷ್ಟೋ ಬರುತ್ತವೆ ಅಂತ ಇಬ್ಬರೂ ಕಾಯುತ್ತಿದ್ದೆವು. ಬಂದದ್ದು ಎರಡೇ. ಒಂದು ನಮ್ಮದು. ಇನ್ನೊಂದರಲ್ಲಿ ಉಳಿದದ್ದೆಲ್ಲ ಅದೇ, ನಡುಸಾಲು ಮಾತ್ರ 60606.

ಇದು ನನಗೆ ನಿಜವಾಗಿ ಆಶ್ಚರ್ಯ. ಸೊನ್ನೆ ಬಂದರೆ 10201 ವಾಪಸ್ ಬರುತ್ತದೆ, 40804 ವಾಪಸ್ ಬರುತ್ತದೆ. ಅಷ್ಟು ಬಾಗಿಲು ತೆರೆದರೂ ಯಾರೂ ಒಳಗೆ ಬರಲಿಲ್ಲ ಯಾಕೆ? ಮಗನಿಗೂ ಗೊತ್ತಾಗಲಿಲ್ಲ, ಪ್ರೋಗ್ರಾಮಿಗೂ ಗೊತ್ತಿಲ್ಲ. ಮತ್ತೆ ಪೆನ್ಸಿಲ್ ತೆಗೆದೆ. 40804ರ ಗುಂಪು ಬೇಗ ಹೋಯಿತು, ಮೂಲೆಯಲ್ಲಿ 4 ಇದ್ದರೆ ಕೆಳಸಾಲು ಸಮ ಆಗುತ್ತದೆ, ಅವಿಭಾಜ್ಯ ಆಗುವುದಿಲ್ಲ. 10201 ಮೇಲೆ ಅಡ್ಡ ಬಂದರೆ ಕೆಳಸಾಲಿನ ನಡುವೆ 2 ಬರುತ್ತದೆ. ಎಡಗಡೆ ಉದ್ದ ಬಂದರೆ ಬಲಬದಿಯ ನಡುವೆ 2. ಎರಡೂ ಕಡೆ ಬೇಕಾದದ್ದು ಅವಿಭಾಜ್ಯ. ಮೂಲೆಯಲ್ಲಿ 1, ನಡುವೆ 2. ಒಂದರ ಎರಡರಷ್ಟು. ಎರಡನೇ ಅಂಕಿ ಏನು ಹಾಕಿದರೂ ಅದು 101ರಲ್ಲಿ ಹೋಗಿಯೇ ಹೋಗುತ್ತದೆ, ಅವಿಭಾಜ್ಯ ಆಗುವ ಹಾಗೇ ಇಲ್ಲ. ಉದ್ದ 2ಕ್ಕೆ ಬರೆದ ಏಳು ಮನೆಯ ಮುಯ್ಯಿ ಇಡೀ ಚೌಕದ ನಾಲ್ಕು ಬದಿಯನ್ನೂ ಕಾಯುತ್ತಿತ್ತು.

ಫೋನ್ ಮಾಡಿ ಹೇಳಿದೆ. "ಅಡ್ಡ ನಾಲ್ಕಕ್ಕೆ ವರ್ಗ ಅಂತ ಬರೆದಿದ್ರೆ ಸೊನ್ನೆಯ ನಿಯಮವೇ ಬೇಕಿರಲಿಲ್ಲ ಅಲ್ವಾ ಚಿಕ್ಕಪ್ಪ?" ಅಂದೆ. "ಬೇಕಿರ್ಲಿಲ್ಲ. ಆದ್ರೆ ವರ್ಗ ಅಂತ ಬರೆದ್ರೆ ಎಂತ ಉಳೀತದೆ ಅದ್ರಲ್ಲಿ?" ಅಂದರು. ಅಂದರೆ ಆ ಒಂದು ಮನೆಯ ಗುಟ್ಟು ಮುಚ್ಚಲಿಕ್ಕಾಗಿ ಇಡೀ ಬಂಧಕ್ಕೆ ಒಂದು ನಿಯಮ ಬರೆದಿದ್ದರು.

ಹಾಗಾಗಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ ಅಂತ ಹೇಳಲಾರೆ, ಸ್ವಲ್ಪ ಬದಲಾಗಿದೆ. ಮಗನ ಪ್ರೋಗ್ರಾಂ ಇಲ್ಲದಿದ್ದರೆ 60606 ನನಗೆ ಕಾಣುತ್ತಿರಲಿಲ್ಲ, ಯಾಕೆಂದರೆ ನಾನು ಉತ್ತರ ಸಿಕ್ಕ ಕೂಡಲೇ ಹಾಳೆ ಮಡಚಿಟ್ಟಿದ್ದೆ. 101ನ್ನು ಕೈಯಲ್ಲಿ ಮಾಡದೇ ಇದ್ದರೆ 60606 ಯಾಕೆ ಒಂಟಿ ಅಂತ ಅವನಿಗೂ ತಿಳಿಯುತ್ತಿರಲಿಲ್ಲ. ಅವನು ಈಗ ಏಳಂಕಿಯ ವಿಕಟಕವಿಗೆ ಇಂಥದ್ದೇ ನಿಯಮ ಇದೆಯಾ ಅಂತ ನೋಡುತ್ತಿದ್ದಾನೆ. ನೋಡಲಿ. ಪರೀಕ್ಷೆಗೆ ಓದುವುದು ಬಿಟ್ಟು ನೋಡುತ್ತಿದ್ದಾನೆ ಅನ್ನುವುದು ಬೇರೆ ಚಿಂತೆ.

ತಿರುಗುಬಂಧ

ನಾನೂ ಒಂದು ಕಟ್ಟಿದೆ, ಚಿಕ್ಕಪ್ಪನಿಗೆ ತಿರುಗಿ ಕಳಿಸಲು. 0, 1, 8 ತಲೆಕೆಳಗೆ ಮಾಡಿದರೂ ಹಾಗೇ ಕಾಣುತ್ತವೆ. 6 ಮತ್ತು 9 ಒಂದಕ್ಕೊಂದು ಬದಲಾಗುತ್ತವೆ. 1961 ಅಂತ ಬರೆದು ಹಾಳೆ ತಿರುಗಿಸಿ ನೋಡಿ, ಮತ್ತೆ 1961. 14ರ ವರ್ಗ 196. ಅದನ್ನು ತಿರುಗಿಸಿದರೆ 961. ಅದು 31ರ ವರ್ಗ! ಇದು ಕಂಡ ಮೇಲೆ ಬಂಧ ಕಟ್ಟದೆ ಇರಲು ಆಗಲಿಲ್ಲ. ಮೂರು ಅಡ್ಡ ಮೂರು ಉದ್ದ, ಕಪ್ಪು ಮನೆ ಇಲ್ಲ. ಇಡೀ ಹಾಳೆಯನ್ನು ತಲೆಕೆಳಗೆ ಮಾಡಿದರೆ ಚೌಕ ಮೊದಲಿನ ಹಾಗೇ ಕಾಣಬೇಕು. ಮೊದಲ ಅಡ್ಡಸಾಲು ವರ್ಗ, ಮೊದಲ ಉದ್ದಸಾಲು ವರ್ಗ, ನಡುವಿನ ಅಡ್ಡಸಾಲು ಅವಿಭಾಜ್ಯ. ಅಷ್ಟಕ್ಕೆ ಎರಡು ಉತ್ತರ ಬರುತ್ತವೆ. ಚಿಕ್ಕಪ್ಪನ ಶಾಸ್ತ್ರದಲ್ಲಿ ಬಂಧಕ್ಕೆ ಎರಡು ಉತ್ತರ ಇರಕೂಡದು, ಹಾಗಾಗಿ ಕೆಳಗೆ 'ಒಂದೇ ಸಂಖ್ಯೆ ಎರಡು ಸಲ ಬರುವುದಿಲ್ಲ' ಅಂತ ಸೇರಿಸಿದೆ. ಆಗ ಉಳಿಯುವ ಒಂದರಲ್ಲಿ ಒಂದು ಚಂದ ಇದೆ, ಬಿಡಿಸಿದವರಿಗೆ ಆರೂ ಸಂಖ್ಯೆ ಒಟ್ಟಿಗೆ ನೋಡಿದಾಗ ಕಾಣುತ್ತದೆ. ನಾನು ಹೇಳುವುದಿಲ್ಲ.

ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ನೆಟ್‌ವರ್ಕ್ ಸಿಗುವ ಗುಡ್ಡದ ತುದಿಗೆ ಹೋಗಿಯೇ ನೋಡಿರಬೇಕು, ಸಂಜೆ ಫೋನ್ ಬಂತು. "ಎಂತ ಮಾರಾಯ್ತಿ, ನಾನು ಫೋನ್ ತಿರುಗಿಸಿದ್ರೆ ಚಿತ್ರವೂ ತಿರುಗ್ತದೆ. ಹಾಳೆಯಲ್ಲಿ ಬರ್ದು ಕಳ್ಸು" ಅಂದರು. ಶನಿವಾರ ಕವರಿನಲ್ಲಿ ಹಾಕಿ ಹೊಸನಗರದ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟೆ. ಕೊಳೆ ಔಷಧಿಯ ಎರಡನೇ ಸುತ್ತು ಮುಗಿಸಿ ಕೂರುತ್ತಾರಂತೆ.